ಟೆಸ್ಲಾ ಕಾಯಿಲ್ ಸೆಕೆಂಡರಿಗೆ 28 ಗೇಜೋ, 32 ಗೇಜೋ?

ಟೆಸ್ಲಾ ಕಾಯಿಲ್ ಎಂದರೆ ಅತಿ ಹೆಚ್ಚು ವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಉಪಕರಣ; ಅದರಲ್ಲಿ ಪೈಪಿನ ಮೇಲೆ ನೂರಾರು ಸುತ್ತು ಸುತ್ತುವ ಎತ್ತರದ ಸುರುಳಿಯೇ ಸೆಕೆಂಡರಿ. ಗೇಜ್ (ಇಲ್ಲಿ SWG) ತಂತಿಯ ದಪ್ಪದ ಅಳತೆ; ಅಂಕಿ ಹೆಚ್ಚಾದಷ್ಟೂ ತಂತಿ ತೆಳು. ಹುಬ್ಬಳ್ಳಿ, ಗದಗದ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಎನಾಮೆಲ್ (ವಿದ್ಯುತ್ ತಡೆಯುವ ತೆಳು ಲೇಪ) ಇರುವ ತಾಮ್ರದ ತಂತಿಯನ್ನು ತೂಕದ ಮೇಲೆ ಕೇಳಬಹುದು. 110 ಮಿ.ಮೀ. ಪಿವಿಸಿ ಪೈಪಿನ ಮೇಲೆ 45 ಸೆಂ.ಮೀ. ಎತ್ತರ ಸುತ್ತುವುದಾದರೆ ಲೆಕ್ಕ ಹೀಗಿದೆ.

28 ಗೇಜ್: ಸುಮಾರು 1,100 ಸುತ್ತು, 380 ಮೀಟರ್, 400 ಗ್ರಾಂ ಒಳಗೆ, ರೋಧ 60 ಓಮ್ ಆಸುಪಾಸು.

32 ಗೇಜ್: ಸುಮಾರು 1,450 ಸುತ್ತು, 500 ಮೀಟರ್, 270 ಗ್ರಾಂ, ರೋಧ 145 ಓಮ್.

110ರ ಪೈಪಿಗೆ 28 ತೊಗೊಳ್ಳಿ. ರೋಧ ಕಡಿಮೆಯಾದ್ದರಿಂದ ವಿದ್ಯುತ್ ನಷ್ಟ ಕಡಿಮೆ, ಕೈ ಸ್ವಲ್ಪ ಬಿಗಿಯಾದರೂ ತಂತಿ ಹರಿಯದು. 32 ಕೂದಲಿನಷ್ಟು ಸೂಕ್ಷ್ಮ; ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದು ಕಣ್ಣಿಗೇ ಬೀಳುವುದಿಲ್ಲ. ಮೇಲೆ ಹತ್ತಿದ ಆ ಸುತ್ತಿನಲ್ಲೇ ಮುಂದೆ ಕಿಡಿ ಹಾರಿ ಎನಾಮೆಲ್ ಸುಡುತ್ತದೆ. ಆದರೆ 75 ಮಿ.ಮೀ. ಪೈಪಿನ ಮೇಲೆ 30 ಸೆಂ.ಮೀ. ಸಣ್ಣ ಕಾಯಿಲಿಗೆ 32 ಸರಿ: 970 ಸುತ್ತು ಸಿಗುತ್ತದೆ. 28 ಹಾಕಿದರೆ 730ಕ್ಕೇ ಮುಗಿಯುತ್ತದೆ.

ಗೇಜ್ ಯಾವುದೇ ಇರಲಿ, ಧಾರವಾಡದ ಮಳೆಗಾಲದಲ್ಲಿ ಪೈಪನ್ನು ತೊಳೆದು ಚೆನ್ನಾಗಿ ಒಣಗಿಸಿ. ಬಿಸಿಲಿಗೆ ಇಟ್ಟದ್ದಾದರೆ ನೆರಳಲ್ಲಿ ಪೂರ್ತಿ ತಣಿದ ಮೇಲೆಯೇ ಸುತ್ತಿ. ಬಿಸಿ ಪಿವಿಸಿ ಹಿಗ್ಗಿರುತ್ತದೆ. ತಣಿದಾಗ ತಾಮ್ರಕ್ಕಿಂತ ಹೆಚ್ಚು ಕುಗ್ಗಿ ಸುತ್ತುಗಳು ಸಡಿಲಾಗುತ್ತವೆ. ತಂತಿಯ ತುದಿಯನ್ನು ತೂತಿನಿಂದ ಪೈಪಿನೊಳಗೆ ತರಬೇಡಿ, ಒಳಗೋಡೆಯುದ್ದಕ್ಕೂ ಕಿಡಿ ಓಡುತ್ತದೆ; ಹೊರಗೇ ಟೇಪಿನಿಂದ ಹಿಡಿಸಿ. ಸುತ್ತಿದ ಮೇಲೆ ಹಚ್ಚುವ ವಾರ್ನಿಷ್ ಗಾಳಿಗೆ ಒಣಗುವಂಥದ್ದೇ ಬೇಕು. ಮೋಟರಿಗೆ ಬಳಸುವ, ಓವನ್‌ನಲ್ಲಿ ಬೇಯಿಸುವ ವಾರ್ನಿಷ್ ತಂದರೆ ಆ ಕಾವಿಗೆ ಪೈಪೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ, ಪ್ರತಿ ಪದರವೂ ಒಣಗಲಿ.