36 ರನ್‌ಗಳು, ಮೂರು ಟೂಲ್‌ಗಳು: ಸಿಗ್ನ್ಯಾಕ್, ಡೇಟಾಲ್ಯಾಡ್, ಐಡಾ

ಹೋದ ವರ್ಷದವರೆಗೆ ನಾನು ಅಣುಗಳ ಚಲನೆಯ ಸಿಮ್ಯುಲೇಶನ್‌ಗಳ ವಿವರವನ್ನೆಲ್ಲ ಫೋಲ್ಡರ್ ಹೆಸರಿನಲ್ಲಿ ತುಂಬುತ್ತಿದ್ದೆ. ಅಲ್ಲಿ ಹಿಡಿಸದ್ದು ಎಕ್ಸೆಲ್ ಹಾಳೆಗೆ ಹೋಗುತ್ತಿತ್ತು. ಒಂದು ದಿನ ಗೈಡ್ ಒಂದು ಗ್ರಾಫ್ ತೋರಿಸಿ, "ಇದಕ್ಕೆ ಯಾವ ಥರ್ಮೋಸ್ಟಾಟ್ ಹಾಕಿದ್ದೀಯ?" ಎಂದು ಕೇಳಿದರು. ಥರ್ಮೋಸ್ಟಾಟ್ ಅಂದರೆ ಸಿಮ್ಯುಲೇಶನ್ನಿನ ತಾಪಮಾನ ಕಾಯುವ ವಿಧಾನ. ಹಾಳೆಯಲ್ಲಿ ಒಂದಿತ್ತು, ರನ್ನಿನ ಎಂಡಿಪಿ ಫೈಲಿನಲ್ಲಿ (ಸೆಟ್ಟಿಂಗ್‌ಗಳ ಫೈಲ್) ಇನ್ನೊಂದು. ಲಾಗ್‌ಗಳನ್ನು ಒಂದೊಂದಾಗಿ ತೆರೆದು ನೋಡಲು ಎರಡು ದಿನ ಹಿಡಿಯಿತು.

ಆಮೇಲೆ ಇಂಥ ವಿವರ, ಫೈಲ್‌ಗಳನ್ನು ಅಚ್ಚುಕಟ್ಟಾಗಿಡಲು ಒಂದೇ ಕೆಲಸವನ್ನು ಮೂರು ಟೂಲ್‌ಗಳಲ್ಲಿ ಮಾಡಿ ನೋಡಿದೆ. ನೀರಿನಲ್ಲಿ ಲೈಸೋಜೈಮ್ ಎಂಬ ಪ್ರೋಟೀನ್, ಸುಮಾರು 34,000 ಪರಮಾಣು, ಓಡಿಸಲು ಗ್ರೋಮ್ಯಾಕ್ಸ್ ಎಂಬ ಸಾಫ್ಟ್‌ವೇರ್. ನಾಲ್ಕು ತಾಪಮಾನ, ಮೂರು ಉಪ್ಪಿನ ಪ್ರಮಾಣ, ಪ್ರತಿಯೊಂದಕ್ಕೂ ಮೂರು ಸೀಡ್ (ಶುರುವಿನ ಯಾದೃಚ್ಛಿಕ ಸಂಖ್ಯೆ). ಒಟ್ಟು 36 ರನ್, ಒಂದೊಂದೂ 100 ನ್ಯಾನೋಸೆಕೆಂಡ್. 10 ಪಿಕೋಸೆಕೆಂಡಿಗೊಂದು ಫ್ರೇಮ್ (ಆ ಕ್ಷಣದ ಪರಮಾಣುಗಳ ಚಿತ್ರ) ಬರೆದರೆ ಒಂದು ರನ್ನಿಗೆ 10,000 ಫ್ರೇಮ್. ಕುಗ್ಗಿಸಿದ ಎಕ್ಸ್‌ಟಿಸಿ ರೂಪದಲ್ಲೇ ಒಂದು ರನ್ನಿಗೆ ಸುಮಾರು 1.3 ಜಿಬಿ ಆಗುತ್ತದೆ.

ಸಿಗ್ನ್ಯಾಕ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೈಥಾನ್ ಲೈಬ್ರರಿ. ತಾಪಮಾನ, ಉಪ್ಪು, ಸೀಡ್ ಇಷ್ಟನ್ನು ಕೊಟ್ಟರೆ ಅದರಿಂದಲೇ 32 ಅಕ್ಷರದ ಗುರುತು ಲೆಕ್ಕ ಹಾಕಿ ಆ ಹೆಸರಿನ ಫೋಲ್ಡರ್ ಮಾಡುತ್ತದೆ. ಒಳಗೆ ಒಂದು ಜೇಸನ್ ಫೈಲಿನಲ್ಲಿ (ಯಾರೂ ತೆರೆದು ಓದಬಹುದಾದ ಪಠ್ಯ ಫೈಲ್) ಆ ಮೂರೂ ಇರುತ್ತವೆ. ಸರ್ವರ್ ಬೇಡ, ಡೇಟಾಬೇಸ್ ಬೇಡ. "310 ಕೆಲ್ವಿನ್ ರನ್‌ಗಳನ್ನು ಮಾತ್ರ ಕೊಡು" ಎಂದರೆ ತಕ್ಷಣ ಕೊಡುತ್ತದೆ. ಹೊರಗಿನಿಂದ ನೋಡಿದರೆ ಫೋಲ್ಡರ್ ಹೆಸರುಗಳು ಅರ್ಥವಾಗುವುದಿಲ್ಲ, ನಿಜ. ಅದಕ್ಕೆ "ವ್ಯೂ" ಕಮಾಂಡ್ ಇದೆ, ಓದಬಹುದಾದ ಹೆಸರಿನ ಲಿಂಕ್‌ಗಳನ್ನು ಮಾಡಿಕೊಡುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಿ. ಅದಕ್ಕೆ 300 ಬೇರೆ, 300.0 ಬೇರೆ. ನಂಪೈ (ಪೈಥಾನಿನ ಲೆಕ್ಕದ ಲೈಬ್ರರಿ) ಕೊಟ್ಟ ದಶಮಾಂಶ ಸಂಖ್ಯೆಗಳನ್ನು ನಾನು ಹಾಗೇ ಹಾಕಿದ್ದೆ, ಮಾರನೇ ದಿನ ಕೈಯಲ್ಲಿ 300 ಬರೆದೆ. ಒಂದೇ ರನ್ನಿಗೆ ಎರಡು ಫೋಲ್ಡರ್ ಆದವು. ಶುರುವಿನಲ್ಲೇ ಪೂರ್ಣಾಂಕವೋ ದಶಮಾಂಶವೋ ಎಂದು ತೀರ್ಮಾನಿಸಿಬಿಡಿ.

ಡೇಟಾಲ್ಯಾಡ್‌ನ ದಾರಿಯೇ ಬೇರೆ. ಫೈಲ್‌ಗಳ ಬದಲಾವಣೆಯ ಇತಿಹಾಸ ಇಡುವ ಗಿಟ್ ಮತ್ತು ದೊಡ್ಡ ಫೈಲ್‌ಗಳಿಗಾಗಿ ಅದಕ್ಕೆ ಸೇರಿಸುವ ಗಿಟ್-ಅನೆಕ್ಸ್ ಮೇಲೆ ಕಟ್ಟಿದ್ದು. ಯಾವ ಕಮಾಂಡಿನಿಂದ ಯಾವ ಫೈಲ್ ಬಂತು ಎಂದು ಬರೆದಿಡುತ್ತದೆ, ಬೇಕಾದಾಗ ಅದನ್ನೇ ಮತ್ತೆ ಓಡಿಸುತ್ತದೆ. ನನಗೆ ತುಂಬ ಹಿಡಿಸಿದ್ದು "ಡ್ರಾಪ್". ಇನ್ನೊಂದು ಕಡೆ ಪ್ರತಿ ಇದೆ ಎಂದು ಖಾತ್ರಿಯಾಗದೆ ಅದು ಟ್ರಜೆಕ್ಟರಿಯನ್ನು, ಅಂದರೆ ಫ್ರೇಮ್‌ಗಳಿರುವ ಫೈಲನ್ನು, ಅಳಿಸುವುದಿಲ್ಲ. ಕ್ಲಸ್ಟರಿನಲ್ಲಿ (ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪು) ಜಾಗ ತುಂಬಿ, ಕೈ ನಡುಗುತ್ತಾ ಫೈಲ್ ಅಳಿಸಿದವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಆದರೆ ಓಡುತ್ತಿರುವ ರನ್‌ಗಳಿಗೆ ಇದು ಒಗ್ಗಲಿಲ್ಲ. ಸೇವ್ ಮಾಡಿದ ಫೈಲಿಗೆ ಬೀಗ ಬೀಳುತ್ತದೆ, ಓದಬಹುದು, ಬರೆಯಲಾಗದು. 100 ನ್ಯಾನೋಸೆಕೆಂಡನ್ನು 200ಕ್ಕೆ ಮುಂದುವರಿಸಲು ಹೋದಾಗ ಗ್ರೋಮ್ಯಾಕ್ಸ್ ಹಳೆಯ ಫೈಲಿಗೆ ಸೇರಿಸಲಾಗದೆ ನಿಂತುಬಿಟ್ಟಿತು. ಬೀಗ ತೆಗೆದು ಬರೆದು ಮತ್ತೆ ಸೇವ್ ಮಾಡಬಹುದು. ಆಗ 2.6 ಜಿಬಿಯ ಹೊಸ ಫೈಲ್ ಪೂರ್ತಿಯಾಗಿ ಸೇರುತ್ತದೆ, ಹಳೆಯ 1.3 ಜಿಬಿಯೂ ಉಳಿಯುತ್ತದೆ. "ನೋಅಪೆಂಡ್" ಆಯ್ಕೆ ಕೊಟ್ಟರೆ ಮುಂದಿನ ಭಾಗ ಬೇರೆ ಫೈಲಿಗೆ ಹೋಗುತ್ತದೆ, ತೊಂದರೆ ತಪ್ಪುತ್ತದೆ. ಇನ್ನೊಂದು ವಿಷಯ: ಅನೆಕ್ಸ್ ಒಂದೊಂದು ಫೈಲಿಗೂ ಹಲವು ಫೋಲ್ಡರ್ ಮಾಡುತ್ತದೆ. ಫೈಲ್ ಸಂಖ್ಯೆಗೆ ಮಿತಿ ಇರುವ ಕ್ಲಸ್ಟರ್‌ಗಳಲ್ಲಿ ಇದು ಬೇಗ ತಟ್ಟುತ್ತದೆ.

ಐಡಾ ಬಗ್ಗೆ ಜಾಸ್ತಿ ಹೇಳಲಾರೆ, ಮೂರು ವಾರ ಮಾತ್ರ ಬಳಸಿದೆ. ಪ್ರತಿ ಲೆಕ್ಕದ ಮೂಲವನ್ನೂ ಗ್ರಾಫ್ ಆಗಿ (ಯಾವುದರಿಂದ ಯಾವುದು ಬಂತು ಎಂಬ ಜಾಲ) ಉಳಿಸುವುದರಲ್ಲಿ ಉಳಿದೆರಡು ಇದರ ಹತ್ತಿರವೂ ಬರುವುದಿಲ್ಲ. ಪೂರ್ತಿ ಸೆಟಪ್ಪಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ರ‍್ಯಾಬಿಟ್‌ಎಂಕ್ಯೂ ಎಂಬ ಸಂದೇಶ ಸರ್ವರ್ ಮತ್ತು ಹಿನ್ನೆಲೆಯಲ್ಲಿ ಸದಾ ಓಡುವ ಡೀಮನ್ ಎಂಬ ಪ್ರೋಗ್ರಾಂ ಬೇಕು. 2.6 ಆವೃತ್ತಿಯಿಂದ ಸರಳ ದಾರಿಯೂ ಬಂದಿದೆ. ಸಾವಿರಾರು ಸಣ್ಣ ಲೆಕ್ಕಗಳಿದ್ದರೆ ನಾನು ಇದನ್ನೇ ಹಿಡಿಯುತ್ತಿದ್ದೆ. ಕೆಲವೇ ದೊಡ್ಡ ಟ್ರಜೆಕ್ಟರಿಗಳಿಗೆ ಇಷ್ಟೆಲ್ಲ ಸಜ್ಜು ಮಾಡುವುದು ಭಾರ.

ಈಗ ಓಡುತ್ತಿರುವುದೆಲ್ಲ ಸಿಗ್ನ್ಯಾಕ್‌ನಲ್ಲಿದೆ. ಮುಗಿದು, ಇನ್ನು ಮುಟ್ಟುವುದಿಲ್ಲ ಎನ್ನಿಸಿದ್ದನ್ನು ಡೇಟಾಲ್ಯಾಡ್‌ಗೆ ಹಾಕಿ ಎರಡು ಡಿಸ್ಕ್‌ಗಳಲ್ಲಿ ಇಡುತ್ತೇನೆ. ಹೋದ ವಾರ ಲ್ಯಾಬಿಗೆ ಹೊಸದಾಗಿ ಸೇರಿದವರೊಬ್ಬರಿಗೆ ಈ 36 ರನ್ ಒಪ್ಪಿಸಿದೆ. ಅವರ ಲ್ಯಾಪ್‌ಟಾಪಿನಲ್ಲಿ ಸಿಗ್ನ್ಯಾಕ್ ಇನ್ನೂ ಇರಲಿಲ್ಲ. ಒಂದು ಫೋಲ್ಡರ್ ತೆರೆದು ಜೇಸನ್ ಓದಿ, "320 ಕೆಲ್ವಿನ್, ಎರಡನೇ ಸೀಡ್" ಎಂದರು. ನಾನು ಬಾಯಿ ಬಿಡಬೇಕಾಗಲಿಲ್ಲ.