ಜೆ.ಸಿ. ರೋಡಿನಲ್ಲಿ ಹಾಕಿಸಿದ್ದು ಪಾಲಿಸಿಯಲ್ಲೂ ಇರಬೇಕು: ನನ್ನ ಸ್ವಿಫ್ಟ್‌ನ ಏಳು ವರ್ಷದ ಇನ್ಶೂರೆನ್ಸ್ ಅನುಭವ

ನನ್ನದು 2019ರ ಮಾರ್ಚ್‌ನಲ್ಲಿ ತೆಗೆದುಕೊಂಡ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಏಳು ವರ್ಷ ಆಗುತ್ತಾ ಬಂತು. ಶೋರೂಮಿನವರು ಕೊಡಿಸಿದ ಇನ್ಶೂರೆನ್ಸ್ ಕಂಪನಿಯನ್ನೇ ಇವತ್ತಿಗೂ ಮುಂದುವರಿಸಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳಲು ಹೊರಟಿರುವುದು ಹೆಚ್ಚುಕಡಿಮೆ ಎಲ್ಲ ಕಂಪನಿಗೂ ಅನ್ವಯಿಸುತ್ತದೆ. ಈ ಏಳು ವರ್ಷದಲ್ಲಿ ಎರಡು ಸಲ ಕ್ಲೈಮ್ ಮಾಡಿದೆ. ಒಂದರಲ್ಲಿ ದುಡ್ಡು ಕಳೆದುಕೊಂಡೆ, ಇನ್ನೊಂದು ಸಲೀಸಾಗಿ ಆಯಿತು. ಕಂಪನಿ ಅದೇ, ಕಾರೂ ಅದೇ. ಬದಲಾಗಿದ್ದು ಪಾಲಿಸಿಯ ಎರಡು ಕಾಲಂ ಮಾತ್ರ.

ವಿಎಕ್ಸ್‌ಐಗೆ ಕಂಪನಿಯಿಂದ ಬರುವುದು 14 ಇಂಚಿನ ಕಬ್ಬಿಣದ ರಿಮ್. ಕಾರು ಬಂದ ನಾಲ್ಕು ತಿಂಗಳಿಗೆ ಬೆಂಗಳೂರಿನಲ್ಲಿ ಕಾರಿನ ಸಾಮಾನು ಸಿಗುವ ಜೆ.ಸಿ. ರೋಡಿಗೆ ಹೋಗಿ 15 ಇಂಚಿನ ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸಿದೆ, 28,000 ರೂಪಾಯಿ. ಜೊತೆಗೆ ಟಚ್‌ಸ್ಕ್ರೀನ್, ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಒಂದು ಸಬ್‌ವೂಫರ್, ಎಲ್ಲ ಸೇರಿ 42,000. ಟೈರ್ ಸೈಜನ್ನು ಯೋಚನೆ ಮಾಡಿಯೇ ಆರಿಸಿದ್ದೆ. ಸ್ವಿಫ್ಟ್‌ನದೇ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಬರುವ 185/65 ಆರ್15. ಮೊದಲಿದ್ದ 165/80 ಆರ್14ಕ್ಕೂ ಇದಕ್ಕೂ ಹೊರಗಿನ ಅಳತೆಯಲ್ಲಿ ಎರಡು ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗುಂಡಿಗೆ ಬಿದ್ದರೂ ಟೈರ್ ಒಳಗೆ ಉಜ್ಜುವುದಿಲ್ಲ. ಆದರೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು ಅನ್ನುವುದು ತಲೆಗೇ ಬರಲಿಲ್ಲ. ಅಂಗಡಿಯವರೂ ಹೇಳಲಿಲ್ಲ.

2020ರ ಅಕ್ಟೋಬರ್. ಜೋರು ಮಳೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ಹತ್ತಿರ ಅಡ್ಡ ಬಂದ ಬೈಕ್ ತಪ್ಪಿಸಲು ಹೋಗಿ ಎಡಗಡೆಯ ಕಲ್ಲಿಗೆ ಹೊಡೆದೆ. ಬಂಪರ್ ಹೋಯಿತು, ಎಡಗಡೆ ಹೆಡ್‌ಲೈಟ್ ಒಡೆಯಿತು, ಲೋವರ್ ಆರ್ಮ್ ಬಾಗಿತು, ಎರಡು ಅಲಾಯ್ ಸೀಳಿದವು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ.

ಮಾರನೇ ದಿನ ವರ್ಕ್‌ಶಾಪಿಗೆ ಇನ್ಶೂರೆನ್ಸ್ ಕಡೆಯಿಂದ ನಷ್ಟ ಲೆಕ್ಕ ಹಾಕುವ ಸರ್ವೇಯರ್ ಬಂದರು. ಮಧ್ಯವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಮೊದಲು ನೋಡಿದ್ದು ಕಾರನ್ನಲ್ಲ, ನನ್ನ ಪಾಲಿಸಿಯನ್ನು. ಫೋನಿನಲ್ಲಿ ಅದನ್ನು ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದರು. "ಸರ್, ಇಲ್ಲಿ ನೋಡಿ. ನಾನ್-ಎಲೆಕ್ಟ್ರಿಕಲ್ ಆಕ್ಸೆಸರೀಸ್, ಸೊನ್ನೆ. ಎಲೆಕ್ಟ್ರಿಕಲ್ ಆಕ್ಸೆಸರೀಸ್, ಸೊನ್ನೆ. ನಮ್ಮ ಲೆಕ್ಕದಲ್ಲಿ ನಿಮ್ಮ ಕಾರಿಗೆ ಅಲಾಯ್ ಇಲ್ಲವೇ ಇಲ್ಲ." ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಮಿಕ್ಕಿದ್ದೆಲ್ಲ ಪಾಸ್ ಆಯಿತು. ಎರಡು ಅಲಾಯ್‌ನ 14,000 ನನ್ನ ಕೈಯಿಂದ ಹೋಯಿತು. ಸಬ್‌ವೂಫರಿಗೆ ಏನಾದರೂ ಆಗಿದ್ದರೆ ಅದೂ ಹೋಗುತ್ತಿತ್ತು.

2021ರ ಮಾರ್ಚ್‌ನಲ್ಲಿ ರಿನ್ಯೂವಲ್ ಮಾಡುವಾಗ ಎಲ್ಲವನ್ನೂ ಬರೆಸಿದೆ. ಲೆಕ್ಕ ಹೀಗಿತ್ತು. ಮ್ಯೂಸಿಕ್ ಸಿಸ್ಟಂ ಎಲೆಕ್ಟ್ರಿಕಲ್ ಸಾಮಾನು, ಅದರ ಬೆಲೆಯ ಮೇಲೆ 4%. ನನ್ನದು ಒಂದು ವರ್ಷ ದಾಟಿದ್ದರಿಂದ 20% ಸವಕಳಿ ಕಳೆದು 33,600ಕ್ಕೆ ಹಿಡಿದರು. ಪ್ರೀಮಿಯಂ 1,344, ಅದರ ಮೇಲೆ 18% ಜಿಎಸ್‌ಟಿ. ಅಲಾಯ್ ನಾನ್-ಎಲೆಕ್ಟ್ರಿಕಲ್. ಅದರ ಬೆಲೆ ಐಡಿವಿಗೆ (ಪಾಲಿಸಿಯಲ್ಲಿ ಕಾರಿಗೆ ಹಿಡಿದ ಬೆಲೆ) ಸೇರಿಕೊಂಡು ಕಾರಿನ ದರವೇ ಅದಕ್ಕೂ ಬಿತ್ತು, ಸಾವಿರದೊಳಗೆ ಮುಗಿಯಿತು. 14,000 ಕಳೆದುಕೊಂಡವನಿಗೆ ಇದು ಜಾಸ್ತಿ ಅನಿಸಲಿಲ್ಲ.

ಆದರೆ ಬರೆಸುವುದು ಸುಲಭವಾಗಿರಲಿಲ್ಲ. ಆ್ಯಪಿನಲ್ಲಿ ಆಕ್ಸೆಸರೀಸ್ ಅನ್ನುವ ಜಾಗ ಒಳಗೆಲ್ಲೋ ಮುಚ್ಚಿಕೊಂಡಿತ್ತು, "ಇಲ್ಲ" ಅಂತ ಮೊದಲೇ ಟಿಕ್ ಆಗಿತ್ತು. ಸುಮ್ನೆ ಮುಂದೆ ಮುಂದೆ ಒತ್ತಿದರೆ ಗೊತ್ತೇ ಆಗುವುದಿಲ್ಲ. ಕಾಲ್ ಸೆಂಟರಿಗೆ ಮೂರು ಸಲ ಫೋನ್ ಮಾಡಿದೆ, ಬಿಲ್ ಕಳಿಸಿದೆ, ಕಾರಿನ ಸುತ್ತ ಒಂದು ವಿಡಿಯೋ ಮಾಡಿ ಕಳಿಸಿದೆ. ಬಿಲ್ ಇಲ್ಲದೆ ಕೈಯಿಂದ ಕೈಗೆ ಕೊಂಡಿದ್ದರೆ ಬೆಲೆ ತೋರಿಸುವುದೇ ಕಷ್ಟವಾಗುತ್ತಿತ್ತು. ಜೆ.ಸಿ. ರೋಡಿನಲ್ಲಿ "ಬಿಲ್ ಬೇಡ ಅಂದರೆ ಕಮ್ಮಿ ಮಾಡಿಕೊಡ್ತೀವಿ" ಅನ್ನುತ್ತಾರಲ್ವಾ, ಆ ಮಾತಿಗೆ ಒಪ್ಪಬೇಡಿ.

ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು. ದಿನಾ ರಾಜರಾಜೇಶ್ವರಿ ನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ. ಆಗಸ್ಟ್‌ನಲ್ಲಿ 55,000 ಕೊಟ್ಟು ಸಿಎನ್‌ಜಿ ಕಿಟ್ ಹಾಕಿಸಿದೆ, ಸಬ್‌ವೂಫರ್ ಜಾಗ ಸಿಲಿಂಡರಿಗೆ ಹೋಯಿತು. ಈ ಸಲ ಕ್ರಮ ತಪ್ಪಲಿಲ್ಲ. ಅನುಮತಿ ಪಡೆದ ಕಿಟ್, ಆಮೇಲೆ ಆರ್‌ಟಿಒದಲ್ಲಿ ಆರ್‌ಸಿಗೆ ಪೆಟ್ರೋಲ್/ಸಿಎನ್‌ಜಿ ಅಂತ ಸೇರಿಸಿಕೊಂಡಿದ್ದು, ಅದಾದ ಮೇಲೆ ಇನ್ಶೂರೆನ್ಸ್. ಕಿಟ್ಟಿನ ಬೆಲೆಯ 4%, ಅಂದರೆ ವರ್ಷಕ್ಕೆ 2,200. ಥರ್ಡ್ ಪಾರ್ಟಿಗೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ ಭಾಗಕ್ಕೆ, ಬರೀ 60 ರೂಪಾಯಿ. ಇಲ್ಲಿ ಒಂದು ಸೂಕ್ಷ್ಮ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಎರಡನೇ ವರ್ಷದಿಂದ ನಾವು ರಿನ್ಯೂ ಮಾಡುವುದು ಓಡಿ (ಓನ್ ಡ್ಯಾಮೇಜ್, ನಮ್ಮ ಕಾರಿಗೇ ಆಗುವ ನಷ್ಟದ ಭಾಗ) ಮಾತ್ರ. ಹಾಗಾಗಿ ನನ್ನ ಕೈಯಲ್ಲಿ ಎರಡು ಪಾಲಿಸಿ ಇದ್ದವು. ಎರಡಕ್ಕೂ ಬೇರೆ ಬೇರೆ ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ಬದಲಾವಣೆ ಸೇರಿಸುವುದು) ಆಗಬೇಕಿತ್ತು. ಏಜೆಂಟ್ ಓಡಿಗೆ ಮಾತ್ರ ಮಾಡಿಸಿ "ಆಯ್ತು ಸರ್" ಅಂದಿದ್ದರು. ಎರಡೂ ಕಾಗದ ಪಕ್ಕಪಕ್ಕ ಇಟ್ಟು ಓದಿದಾಗಲೇ ಸಿಕ್ಕಿಬಿದ್ದಿದ್ದು.

2023ರ ನವೆಂಬರ್‌ನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಹಿಂದಿನ ಬಂಪರ್, ಡಿಕ್ಕಿ ಡೋರ್, ಸಿಲಿಂಡರ್ ಕೂರಿಸಿದ್ದ ಬ್ರಾಕೆಟ್ ಬಾಗಿದವು. ಗ್ಯಾಸ್ ವಾಲ್ವ್ ಮುಚ್ಚುವಾಗ ಕೈ ನಡುಗುತ್ತಿತ್ತು. ಸರ್ವೇಯರ್ ಆರ್‌ಸಿ ನೋಡಿದರು, ಕಿಟ್ ಬಿಲ್ ನೋಡಿದರು, ಸಿಲಿಂಡರ್ ಟೆಸ್ಟ್ ಆದ ತಾರೀಖು ನೋಡಿದರು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು, ನನ್ನದಕ್ಕೆ ಇನ್ನೂ ಟೈಮ್ ಇತ್ತು. 38,400 ಬಿಲ್. ಸವಕಳಿ ಕಳೆಯದೆ ಕೊಡುವ ಜೀರೋ ಡೆಪ್ ಇದ್ದಿದ್ದರಿಂದ ಪ್ಲಾಸ್ಟಿಕ್ ಬಂಪರಿಗೂ ಅರ್ಧ ಕತ್ತರಿಸಲಿಲ್ಲ. ಕ್ಲೈಮಿನಲ್ಲಿ ನಾವೇ ಕಡ್ಡಾಯವಾಗಿ ಹಾಕಬೇಕಾದ 1,000 ಬಿಟ್ಟು ಮಿಕ್ಕಿದ್ದು ಬಂತು, ಬ್ರಾಕೆಟ್ ಕೂಡ. ಎನ್‌ಸಿಬಿ (ಕ್ಲೈಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ) ಮಾತ್ರ ಮತ್ತೆ ಸೊನ್ನೆಗೆ ಬಂತು.

ನನ್ನದಕ್ಕಿಂತ ನೋವಿನ ಕಥೆ ನನ್ನ ದೊಡ್ಡಪ್ಪನ ಮಗನದು. ಅಣ್ಣನಿಗೆ ವಾರಕ್ಕೊಮ್ಮೆ ರಾತ್ರಿ ಕನಕಪುರಕ್ಕೆ ಹೋಗುವ ಕೆಲಸ. ಹೆಡ್‌ಲೈಟ್ ಬೆಳಕು ಸಾಲದು ಅಂತ 60/55 ವ್ಯಾಟಿನ ಬಲ್ಬ್ ತೆಗೆಸಿ 100/90 ಹಾಕಿಸಿದ. ಜಾಸ್ತಿ ಕರೆಂಟನ್ನು ಬೇರೆ ದಾರಿಯಲ್ಲಿ ಕಳಿಸುವ ರಿಲೇ ಹಾಕಲಿಲ್ಲ, ಬೇರೆ ವೈರ್ ಎಳೆಯಲಿಲ್ಲ. ಹನ್ನೆರಡು ವೋಲ್ಟ್‌ನಲ್ಲಿ 60 ವ್ಯಾಟ್ ಅಂದರೆ ಐದು ಆಂಪಿಯರ್, 100 ವ್ಯಾಟ್ ಅಂದರೆ ಎಂಟಕ್ಕೂ ಜಾಸ್ತಿ. ಎರಡು ಬಲ್ಬ್ ಸೇರಿದರೆ ಹದಿನಾರು ದಾಟುತ್ತದೆ. ಅಷ್ಟು ಕರೆಂಟು ಕಂಪನಿಯ ತೆಳ್ಳಗಿನ ವೈರಿನಲ್ಲಿ ಓಡಬೇಕು. ಒಂದು ರಾತ್ರಿ ಲೈಟು ಮಂಕಾಗುತ್ತಾ ಬಂತು, ಸುಟ್ಟ ಪ್ಲಾಸ್ಟಿಕ್ ವಾಸನೆ ಹೊಡೆಯಿತು. ಗ್ಯಾರೇಜಿನಲ್ಲಿ ಬಿಚ್ಚಿದಾಗ ನಾನೂ ಇದ್ದೆ. ಬಲ್ಬಿನ ಹೋಲ್ಡರ್ ಗಟ್ಟಿಯಾದ ಬೆಲ್ಲದ ಪಾಕದ ಹಾಗೆ ಕಪ್ಪಗೆ ಕರಗಿ ಅಂಟಿಕೊಂಡಿತ್ತು. ವೈರಿನ ಮೇಲಿನ ಸಿಪ್ಪೆ ಗೇಣುದ್ದ ಸುಲಿದು ತಾಮ್ರ ಕಾಣುತ್ತಿತ್ತು. "ಬರೀ ಬಲ್ಬ್ ತಾನೇ ಕಣೋ ಬದಲಾಯಿಸಿದ್ದು" ಅಂತ ಅಣ್ಣ ಅದನ್ನೇ ನೋಡುತ್ತಾ ನಿಂತ.

ವೈರಿಂಗ್ ಸೆಟ್ ಬದಲಾಯಿಸಲು 23,000. ಕ್ಲೈಮ್ ತಿರಸ್ಕಾರವಾಯಿತು. ಬೆಂಕಿ ಹತ್ತಿರಲಿಲ್ಲ, ಬರೀ ಎಲೆಕ್ಟ್ರಿಕಲ್ ತೊಂದರೆಯನ್ನು ಪಾಲಿಸಿ ಹೇಗೂ ಕವರ್ ಮಾಡುವುದಿಲ್ಲ. ಜೊತೆಗೆ ಕಾರಣ ಹೊರಗಿನ ಬಲ್ಬ್ ಅಂತ ಫೋಟೋ ಸಮೇತ ರಿಪೋರ್ಟಿನಲ್ಲಿತ್ತು. ಕಂಪನಿ ಕಾರಣವಿಲ್ಲದೆ ತಿರಸ್ಕರಿಸಿದ್ದರೆ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿರುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಹತ್ತಿರ ಹೋಗಬಹುದಿತ್ತು. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು. ಅವರು ಇಲ್ಲ ಅಂದರೆ ಅಥವಾ ಒಂದು ತಿಂಗಳು ಉತ್ತರ ಕೊಡದಿದ್ದರೆ ಅಲ್ಲಿಗೆ ಹೋಗಬಹುದು. ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇನ್ನು ಕೆಲವನ್ನು ದುಡ್ಡು ಕೊಟ್ಟರೂ ಬರೆಸಲಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬಂತು. ಬಂಪರ್ ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ 2017ರ ಡಿಸೆಂಬರ್‌ನಿಂದಲೇ ನಿಷೇಧ. ಕಾರಿನ ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು.

ಪ್ರೀಮಿಯಂ ಕಮ್ಮಿ ಮಾಡುವ ಬದಲಾವಣೆಯೂ ಇದೆ. ನಮ್ಮ ಕೆಳಗಿನ ಮನೆಯವರಿಗೆ ಪೋಲಿಯೊದಿಂದ ಕಾಲಿಗೆ ಶಕ್ತಿಯಿಲ್ಲ. ಬ್ರೇಕ್, ಆಕ್ಸಿಲರೇಟರ್ ಎರಡೂ ಕೈಗೆ ಬರುವ ಹಾಗೆ ಮಾಡಿಸಿ ಆರ್‌ಸಿಯಲ್ಲಿ ಸೇರಿಸಿದ್ದಾರೆ. ಅಂಥ ಗಾಡಿಗೆ ಓಡಿ ಪ್ರೀಮಿಯಂನಲ್ಲಿ 50% ರಿಯಾಯಿತಿ ಇದೆ. ಮೂರು ವರ್ಷ ಪೂರ್ತಿ ದುಡ್ಡು ಕಟ್ಟಿದ್ದರು, ಯಾರೂ ಅವರಿಗೆ ಹೇಳಿರಲಿಲ್ಲ. ನನಗೆ ಇವತ್ತಿಗೂ ಬೇಜಾರಾಗುವುದು ಈ ವಿಷಯಕ್ಕೆ.

ಕಂಪನಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಬರೆಸಿದ್ದಕ್ಕೆ ತಕರಾರಿಲ್ಲದೆ ದುಡ್ಡು ಕೊಟ್ಟರು, ಸರ್ವೇಯರ್‌ಗಳು ಇಬ್ಬರೂ ಮರ್ಯಾದೆಯಿಂದ ಮಾತಾಡಿದರು. ಒಂದೂವರೆ ಕಡಿಮೆ ಮಾಡಿದ್ದು ಬರೆಸಲು ಪಡಿಸಿದ ಪಾಡಿಗೆ. ಏಳು ವರ್ಷದಲ್ಲಿ ಅವರ ಫೋನಿನಲ್ಲಿ ಕನ್ನಡ ಮಾತಾಡುವವರು ಸಿಕ್ಕಿದ್ದು ಎರಡೇ ಸಲ. ಈ ಮಾರ್ಚ್‌ನಲ್ಲಿ ಮತ್ತೆ ರಿನ್ಯೂವಲ್ ಇದೆ. ಸಬ್‌ವೂಫರ್ ತೆಗೆದು ನಾಲ್ಕು ವರ್ಷ ದಾಟಿದ್ದರೂ ಅದರ ಬೆಲೆ ಪಾಲಿಸಿಯಲ್ಲಿ ಹಾಗೇ ಉಳಿದಿದೆ ಅಂತ ಮೊನ್ನೆ ಗೊತ್ತಾಯಿತು. ತೆಗೆಸಲು ಕಳಿಸಿದ ಮೇಲ್‌ಗೆ ಉತ್ತರ ಕಾಯುತ್ತಿದ್ದೇನೆ.