ಟೈರ್ ಚಿಕ್ಕದಾದಾಗ: 4.10, 3.73, 3.91 ಫೈನಲ್ ಡ್ರೈವ್‌ಗಳ ಹೋಲಿಕೆ

ರೇಸ್ ಕಾರಿಗೆ 205/50 ಆರ್15 ಟೈರ್ ತೆಗೆದು 225/45 ಆರ್13 ಹಾಕಿದ ದಿನ ಎಲ್ಲರ ಕಣ್ಣೂ ಕಾರು ಎಷ್ಟು ತಗ್ಗಿತು ಎನ್ನುವುದರ ಮೇಲಿತ್ತು. ನನ್ನ ಚಿಂತೆ ಗೇರಿನದು, ಅದರಲ್ಲೂ ಗೇರ್‌ಬಾಕ್ಸ್ ದಾಟಿದ ತಿರುಗುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ ಕೊನೆಯ ಗೇರ್ ಜೋಡಿಯಾದ ಫೈನಲ್ ಡ್ರೈವ್‌ನದು. ಅದರ ಅಂಕಿ 4.10 ಎಂದರೆ ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 4.10 ಸುತ್ತು. ಲೆಕ್ಕದಲ್ಲಿ ಹಳೆಯ ಟೈರಿನ ವ್ಯಾಸ 586 ಮಿ.ಮೀ., ಹೊಸದರದು 533. ಆದರೆ ಭಾರ ಬಿದ್ದಾಗ ಟೈರ್ ಅದುಮಿಕೊಳ್ಳುವುದರಿಂದ ಈ ಅಂಕಿಯನ್ನು ನಂಬಿ ಗೇರ್ ಕೊಳ್ಳಬಾರದು. ಟೈರ್ ಬಿಸಿಯಾದಾಗ ಇರುವಷ್ಟೇ ಗಾಳಿ ತುಂಬಿಸಿ ನಾನು ಸೀಟಿನಲ್ಲಿ ಕುಳಿತೆ. ಟೈರಿನಿಂದ ನೆಲದವರೆಗೆ ಸೀಮೆಸುಣ್ಣದ ಗೆರೆ ಎಳೆದು, ಚಕ್ರ ಸರಿಯಾಗಿ ಮೂರು ಸುತ್ತು ಉರುಳುವಷ್ಟು ಕಾರನ್ನು ತಳ್ಳಿಸಿದೆ. ಟೇಪಿನಲ್ಲಿ 4.86 ಮೀಟರ್ ಬಂತು, ಅಂದರೆ ಸುತ್ತಿಗೆ 1.62. ಹಳೆಯ ಟೈರ್ ಇದೇ ಅಳತೆಯಲ್ಲಿ 1.79 ಮೀಟರ್ ಉರುಳುತ್ತಿತ್ತು. ಗೇರಿಗೆ ಕೈಹಚ್ಚದೆಯೇ ಚಕ್ರದ ಪ್ರತಿ ಸುತ್ತಿಗೆ ಕಾರಿನ ಓಟ ಶೇ 9.5ರಷ್ಟು ಗಿಡ್ಡವಾಗಿತ್ತು.

ನಮ್ಮ ಎಂಜಿನ್ 4,400 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ನಂತರವೇ ಚುರುಕಾಗುತ್ತದೆ, 7,000 ದಾಟದಂತೆ ಲಿಮಿಟರ್ ತಡೆಯುತ್ತದೆ. ಗೇರ್‌ಬಾಕ್ಸ್‌ನ ಅನುಪಾತಗಳು ಹೀಗಿವೆ: ಎರಡನೆಯ ಗೇರ್ 1.90, ಮೂರನೆಯದು 1.33, ನಾಲ್ಕನೆಯದು 1.00, ಐದನೆಯದು 0.81.

ಮೊದಲು ಇದ್ದ 4.10 ಅನ್ನೇ ಉಳಿಸಿಕೊಂಡು ಓಡಿಸಿದೆ. ಖರ್ಚಿಲ್ಲ, ಮೊದಲ ಲ್ಯಾಪಿನಲ್ಲಿ ಕಾರು ಚಿಮ್ಮಿದಂತೆ ಅನಿಸಿದ್ದೂ ನಿಜ. ಆದರೆ ಮೂರನೆಯ ಗೇರ್ ಗಂಟೆಗೆ 125 ಕಿ.ಮೀ. ವೇಗಕ್ಕೆ ಮುಗಿಯುತ್ತಿತ್ತು. ಉದ್ದನೆಯ ಬಲ ತಿರುವಿನಿಂದ ಹೊಸ ಟೈರಿನ ಹಿಡಿತದಲ್ಲಿ ನಾನು 128ರಲ್ಲಿ ಹೊರಬೀಳಬಲ್ಲೆ. ಹೀಗಾಗಿ ಕಾರು ಇನ್ನೂ ಪಕ್ಕಕ್ಕೆ ವಾಲಿರುವಾಗಲೇ ಗೇರ್ ಬದಲಿಸಬೇಕಾಯಿತು. ಆ ಕ್ಷಣ ಹಿಂಚಕ್ರದ ಮೇಲಿನ ಭಾರ ಮುಂದಕ್ಕೆ ಸರಿದು ಕಾರಿನ ಬಾಲ ಅಲುಗುವುದನ್ನು ಸೊಂಟದಲ್ಲೇ ಅನುಭವಿಸಿದೆ. ನೇರ ಹಾದಿಯಲ್ಲೂ ನಾಲ್ಕನೆಯ ಗೇರ್ 166ಕ್ಕೇ ಮುಗಿದು ಐದಕ್ಕೆ ಹೋಗಬೇಕು, ಎಂಜಿನ್ 5,700ರ ಕೆಳಗೆ ಕುಸಿಯುತ್ತದೆ. ಈ ಟ್ರ್ಯಾಕಿಗೆ ಇದು ಬೇಡವೇ ಬೇಡ.

ಹೆಚ್ಚಿನವರು ಸೂಚಿಸುವುದು ಹಳೆಯ ಲೆಕ್ಕಕ್ಕೆ ಮರಳುವ ದಾರಿಯನ್ನು: 4.10 ಅನ್ನು 1.62/1.79ರಿಂದ ಗುಣಿಸಿದರೆ 3.71. ಹತ್ತಿರ ಸಿಗುವುದು 41 ಮತ್ತು 11 ಹಲ್ಲುಗಳ 3.73. ನಾಲ್ಕನೆಯ ಗೇರಿನಲ್ಲಿ ಹಳೆಯ ಟೈರಿನೊಂದಿಗೆ 183 ಇದ್ದ ಗರಿಷ್ಠ ವೇಗ ಈಗಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಆದರೆ ನೇರ ಹಾದಿಯ ಕೊನೆಯಲ್ಲಿ ನಾನು ಮುಟ್ಟುವುದು 172. ಉಳಿದ ಹತ್ತು ಕಿ.ಮೀ. ಯಾರಿಗಾಗಿ? ಹೇರ್‌ಪಿನ್ ಎಂಬ ತೀರಾ ಬಿಗಿಯಾದ ತಿರುವಿನಲ್ಲಿ ಎರಡನೆಯ ಗೇರಿನಲ್ಲಿ 58ಕ್ಕೆ ಇಳಿದಾಗ ಎಂಜಿನ್ 4,225ರಲ್ಲಿತ್ತು. ಪೆಡಲ್ ಒತ್ತಿ ಕಾಯಬೇಕಾಯಿತು.

ಗೇರಿನ ಅಂಕಿಯೇ ಎಳೆತವನ್ನು ನಿರ್ಧರಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಇಲ್ಲಿದೆ. ಒಂದೇ ವೇಗದಲ್ಲಿ ಚಕ್ರವನ್ನು ತಳ್ಳುವ ಬಲ ಎಂಜಿನ್ ಆ ಹೊತ್ತಿಗೆ ಕೊಡುತ್ತಿರುವ ಶಕ್ತಿಗೆ ತಕ್ಕಂತೆ ಇರುತ್ತದೆ. ಎಂಜಿನ್ ಎಷ್ಟು ಆರ್‌ಪಿಎಂನಲ್ಲಿರಬೇಕು ಎಂಬುದಷ್ಟೇ ಗೇರಿನ ಕೈಯಲ್ಲಿರುವುದು. ಹಿಡಿತ ಹೆಚ್ಚಿ ತಿರುವಿನ ವೇಗವೇ ಬದಲಾದ ಮೇಲೆ ಹಳೆಯ ಲೆಕ್ಕವನ್ನು ಮರಳಿ ತರುವುದರಲ್ಲಿ ಅರ್ಥವಿಲ್ಲ.

ಕೊನೆಗೆ 43 ಮತ್ತು 11 ಹಲ್ಲುಗಳ 3.91. ಹೇರ್‌ಪಿನ್ನಿನಲ್ಲಿ 58ಕ್ಕೆ 4,430 ಆರ್‌ಪಿಎಂ, ಪೆಡಲ್ ಮುಟ್ಟಿದರೆ ಎಳೆತ. ಮೂರನೆಯ ಗೇರ್ 131ರವರೆಗೆ ಬರುವುದರಿಂದ ಉದ್ದನೆಯ ತಿರುವು ಮುಗಿದು ಸ್ಟಿಯರಿಂಗ್ ನೇರವಾದ ಮೇಲೆ ಗೇರ್ ಬದಲಿಸಬಹುದು. ನೇರ ಹಾದಿಯ ಕೊನೆಗೆ 172ರಲ್ಲಿ 6,900ರ ಆಸುಪಾಸು. ಮೂರಕ್ಕೂ ಆರಾರು ಲ್ಯಾಪ್ ಓಡಿಸಿದಾಗ ಇದೇ ಎಲ್ಲಕ್ಕಿಂತ ವೇಗವಾಗಿತ್ತು. 4.10ರ ಸಮಯ ಲ್ಯಾಪಿನಿಂದ ಲ್ಯಾಪಿಗೆ ಏರುಪೇರಾಗುತ್ತಿತ್ತು.

ಫೈನಲ್ ಡ್ರೈವ್‌ನ ಗೇರ್ ಜೋಡಿಯಾದ ಕ್ರೌನ್-ಪಿನಿಯನ್ ಬದಲಿಸುವುದು ಅರ್ಧ ದಿನದ ಕೆಲಸವೆಂದು ಹೊರಡಬೇಡಿ. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಮೊದಲ ಸಲ ಗುರುತು ಹಲ್ಲಿನ ಅಂಚಿಗೆ ಬಿತ್ತು. ಪಿನಿಯನ್ ಹಿಂದಿನ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಜೋಡಿಸಿದೆವು. ಗುರುತು ಹಲ್ಲಿನ ನಡುವೆ ಕೂತ ಮೇಲೆಯೇ ಎಣ್ಣೆ ತುಂಬಿಸಿದ್ದು.

3.91ರಲ್ಲಿ ಒಂದು ಕೊರತೆ ಉಳಿದಿದೆ. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಓಡುವಾಗ ವೇಗ 174 ದಾಟಲು ನೋಡುತ್ತದೆ, ಲಿಮಿಟರ್ ಹಿಡಿಯುತ್ತದೆ. ಹಿಂದಿಕ್ಕುವ ಹೊತ್ತಿನಲ್ಲಿ ಅದು ನೋವಿನ ಸಂಗತಿ. ಅದಕ್ಕಾಗಿ ಕ್ರೌನ್-ಪಿನಿಯನ್ ಬಿಚ್ಚುವುದಿಲ್ಲ, 0.81ರ ಐದನೆಯ ಗೇರಿನ ಬದಲು 0.90ರ ಆಸುಪಾಸಿನದನ್ನು ಹುಡುಕುತ್ತಿದ್ದೇನೆ.